ಅಟ್ಟದ ಮೇಲಿನ ಮಲಗುವ ಕೋಣೆ

ಪ್ರಶ್ನೆ: ತುಮಕೂರಿನ ಅಶೋಕನಗರದಲ್ಲಿ ‘ಲಾಫ್ಟ್ ಅಪಾರ್ಟ್‌ಮೆಂಟ್’ ಎನ್ನುವ ಮನೆಯೊಂದನ್ನು ಬಾಡಿಗೆಗೆ ನೋಡಿದ್ದೇವೆ. ಕಟ್ಟಡದ ಕೊನೆಯ ಅಂತಸ್ತಿನಲ್ಲಿ 14 ಅಡಿ ಎತ್ತರದ ಒಂದೇ ಹಜಾರ, ಅದರ ಅರ್ಧಕ್ಕೆ ಅಟ್ಟ ಹಾಕಿ ಮಲಗುವ ಜಾಗ, ಹತ್ತಲು ಕಬ್ಬಿಣದ ಮೆಟ್ಟಿಲು. ನಾವಿಬ್ಬರು, ನಾಲ್ಕು ವರ್ಷದ ಮಗಳು, ಮಂಡಿನೋವಿರುವ ಅತ್ತೆ ಇರಬೇಕು. ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುತ್ತಿದ್ದಾರೆ. ಒಪ್ಪಬಹುದೆ?

ಉತ್ತರ: ನಿಮ್ಮ ಕುಟುಂಬಕ್ಕೆ ಈ ಮನೆ ಬೇಡವೆಂದೇ ನನ್ನ ಅಭಿಪ್ರಾಯ. ಮೊದಲು ಎತ್ತರದ ಲೆಕ್ಕ ನೋಡಿ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ಅಟ್ಟದ ಕೆಳಗೆ ಅಷ್ಟು ಬಿಟ್ಟರೆ ಮೇಲೆ ಉಳಿಯುವುದು ಐದಡಿಗಿಂತ ಕಡಿಮೆ. ಅಲ್ಲಿ ದೊಡ್ಡವರು ನೆಟ್ಟಗೆ ನಿಲ್ಲಲಾರರು, ಫ್ಯಾನ್ ತೂಗುಹಾಕುವುದು ಅಪಾಯ. ಅಟ್ಟವನ್ನು ತಗ್ಗಿಸಿದರೆ ಕೆಳಗಿನ ಅಡುಗೆಯ ಜಾಗ ಉಸಿರುಗಟ್ಟುತ್ತದೆ. ನ್ಯೂಯಾರ್ಕಿನ ಸೋಹೋ ಬಡಾವಣೆಯಲ್ಲಿ ಕಲಾವಿದರು ಇಂಥ ವಾಸವನ್ನು ರೂಢಿಗೆ ತಂದದ್ದು ಖಾಲಿ ಬಿದ್ದ ಕಾರ್ಖಾನೆಗಳ ವಿಶಾಲ ಮಹಡಿಗಳಲ್ಲಿ. ನಿಮಗೆ ತೋರಿಸಿದ ಮನೆಗೆ ಬಂದಿರುವುದು ಆ ಹೆಸರು ಮಾತ್ರ.

ಸೆಖೆಯದು ಇನ್ನೂ ದೊಡ್ಡ ಮಾತು. ಬಿಸಿಗಾಳಿ ಮೇಲಕ್ಕೇರುತ್ತದೆ, ಹಗಲೆಲ್ಲ ಕಾದ ತಾರಸಿ ಕತ್ತಲಾದ ಮೇಲೂ ಶಾಖವನ್ನು ಒಳಗೆ ಬಿಡುತ್ತಲೇ ಇರುತ್ತದೆ, ಹೀಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಇಡೀ ಮನೆಯಲ್ಲಿ ಅತಿ ಬೇಯುವ ಜಾಗದಲ್ಲೇ ನೀವು ಮಲಗಬೇಕಾಗುತ್ತದೆ. ಒಗ್ಗರಣೆಯ ಘಾಟೂ ಅಲ್ಲಿಗೇ ಏರುತ್ತದೆ. ಮನಸ್ಸು ಒಪ್ಪದಿದ್ದರೆ ರಾತ್ರಿ ಒಂಬತ್ತಕ್ಕೆ ಹೋಗಿ ಕಾಲು ಗಂಟೆ ಅಟ್ಟದ ಮೇಲೆ ಮಲಗಿ ನೋಡಿ.

ಅತ್ತೆಯವರು ಮೆಟ್ಟಿಲು ಹತ್ತಲಾರರು. ಕೆಳಗೆ ಅವರಿಗೆಂದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಿಲ್ಲ. ವಯಸ್ಸಾದವರನ್ನು ಹಜಾರದಲ್ಲಿ ಮಲಗಿಸಿ ಅವರ ನಿದ್ದೆಯನ್ನು ಮನೆಯವರ ಓಡಾಟಕ್ಕೆ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಮಗುವಿರುವ ಮನೆಯ ಕಟಕಟೆಯಲ್ಲಿ ಕಂಬಿಗಳು ನಿಂತಿರಬೇಕು, ನಡುವೆ ನಾಲ್ಕಂಗುಲಕ್ಕಿಂತ ಹೆಚ್ಚು ಸಂದಿರಬಾರದು. ಅಡ್ಡ ಕಂಬಿಗಳನ್ನು ಮಕ್ಕಳು ಏಣಿಯಂತೆ ಹತ್ತುತ್ತಾರೆ.

ಮುಂಗಡದ ವಿಷಯದಲ್ಲಿ, 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಅದು ಮಾದರಿಯಷ್ಟೇ ಆದರೂ ಚೌಕಾಸಿಗೆ ಒಳ್ಳೆಯ ಆಧಾರ. ಯಾವ ಮನೆಯನ್ನೇ ಹಿಡಿದರೂ ಮುಂಗಡ ಎಷ್ಟು ದಿನದಲ್ಲಿ ಮರಳುತ್ತದೆ, ಸುಣ್ಣಬಣ್ಣಕ್ಕೆಂದು ಎಷ್ಟು ಮುರಿಯುತ್ತಾರೆ ಎಂಬುದನ್ನು ಕರಾರುಪತ್ರದಲ್ಲಿ ಬರೆಸಿ. ಅಟ್ಟವಿರುವ ಮನೆಯಾದರೆ, ಮಂಜೂರಾದ ನಕ್ಷೆಯಲ್ಲಿ ಆ ಅಟ್ಟ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.