ಹುಲ್ಲುಹಾಸು ಚಾಪೆಯಂತೆ ಎದ್ದು ಬರುತ್ತಿದ್ದರೆ?

ಪ್ರಶ್ನೆ: ಮನೆಯೆದುರು ಐದು ಸೆಂಟ್ಸ್ ಬಫೆಲೊ ಹುಲ್ಲು ಹಾಕಿದ್ದೇವೆ. ಮೇ ತಿಂಗಳಲ್ಲಿ ಹಸಿ ಸೆಗಣಿ ಹರಡಿದ್ದೆವು. ಸೆಪ್ಟೆಂಬರ್‌ನಿಂದ ಅಲ್ಲಲ್ಲಿ ಹಳದಿಯಾಗಿ, ಎಳೆದರೆ ಚಾಪೆಯಂತೆ ಎದ್ದು ಬರುತ್ತಿದೆ. ಕಾಗೆ, ಬೆಳ್ಳಕ್ಕಿ ಕೆದಕುತ್ತವೆ. ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯಬಹುದೇ? – ಓದುಗರು, ಮಣಿಪಾಲ

ಉತ್ತರ: ಸದ್ಯಕ್ಕೆ ಬೇಡ. ನಮ್ಮ ಮುರಕಲ್ಲು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಬಾವಿ ಅದೇ ಅಂಗಳದಲ್ಲಿರುತ್ತದೆ. ಹುಳ ಹೆಕ್ಕುವ ಹಕ್ಕಿಗಳಿಗೂ ಅದು ವಿಷವೇ.

ಲಕ್ಷಣ ಬೇರುಹುಳದ್ದು, ಅಂದರೆ ಮಣ್ಣಿನೊಳಗೆ ಬೇರು ತಿನ್ನುವ ದುಂಬಿಮರಿಯದ್ದು; ಅಡಿಕೆ ತೋಟದವರಿಗೆ ಪರಿಚಿತ ಶತ್ರು. ಆದರೂ ಅಗೆದು ನೋಡದೆ ಮದ್ದು ಹಾಕಬೇಡಿ. ಹಳದಿಯೂ ಹಸಿರೂ ಸೇರುವ ಅಂಚಿನಲ್ಲಿ, ನಾಲ್ಕೈದು ಕಡೆ, ಒಂದು ಚದರ ಅಡಿಯ ಮೂರು ಬದಿ ಕೊಯ್ದು ಮೂರು ಇಂಚು ಆಳಕ್ಕೆ ಮಗುಚಿ. ಪೂರ್ತಿ ಒಣಗಿದ ನಡುಭಾಗದಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ, ಬೇರು ಮುಗಿದ ಮೇಲೆ ಹುಳ ಆಚೆ ಸರಿದಿರುತ್ತದೆ. ಒಂದೆರಡು ಇದ್ದರೆ ಆರೋಗ್ಯವಂತ ಹುಲ್ಲು ತಡೆದುಕೊಳ್ಳುತ್ತದೆ. ಚದರ ಅಡಿಗೆ ಐದಕ್ಕಿಂತ ಹೆಚ್ಚಿದ್ದರೆ ಕ್ರಮ ಬೇಕು.

ಸಿಕ್ಕಿದ್ದನ್ನು ಸಮತಟ್ಟಾದ ನೆಲದ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ ತೆವಳಿದರೆ ಅದು ಕೊಳೆತ ಗೊಬ್ಬರ ತಿನ್ನುವ ಜಾತಿ. ಹಸಿ ಸೆಗಣಿಗೆ ಬರುವ ಕುರುವಾಯಿಯ ದಪ್ಪ ಮರಿಯೂ ಜೀವಂತ ಬೇರು ತಿನ್ನುವುದಿಲ್ಲ, ಆದರೆ ದುಂಬಿಯಾಗಿ ತೆಂಗಿನ ಸುಳಿ ಕೊರೆಯುತ್ತದೆ. ಕಂಡರೆ ಹೆಕ್ಕಿ ಕೊಲ್ಲಿ. ಗೊಂದಲವಾದರೆ ನಾಲ್ಕು ಹುಳ ಡಬ್ಬಿಯಲ್ಲಿ ಹಾಕಿಕೊಂಡು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೋರಿಸಿ.

ಬೇರುಹುಳವೇ ಆದರೆ, ಹುಳಕ್ಕೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿ, ಸೆಂಟ್ಸಿಗೆ 50 ಗ್ರಾಂನಂತೆ 250 ಗ್ರಾಂ ತನ್ನಿ. 10 ಕಿಲೋ ಚೆನ್ನಾಗಿ ಕಳಿತ ಹಟ್ಟಿಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಒಂದು ವಾರ ನೆರಳಲ್ಲಿಡಿ. ಮುಳ್ಳುಗುದ್ದಲಿಯಿಂದ ಹುಲ್ಲಿನಡಿ ಮೂರ್ನಾಲ್ಕು ಇಂಚು ತೂತು ಮಾಡಿ ಸಂಜೆ ಹರಡಿ, ನೀರು ಕೊಡಿ. ಬಿಸಿಲಿಗೆ ಬಿದ್ದರೆ ಶಿಲೀಂಧ್ರ ಸಾಯುತ್ತದೆ. ಫಲ ಸಿಗದಿರಲು ಇದೂ ಒಂದು ಕಾರಣ. ಹಿಂದೆಮುಂದೆ ಹದಿನೈದು ದಿನ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಬೇಡ. ವಾರದಲ್ಲೇ ಹುಳ ಸಾಯಬೇಕೆಂದು ಕಾಯಬೇಡಿ. ಮರಿ ಸಣ್ಣದಿರುವಾಗ ಕೆಲಸ ಬೇಗ, ಬಲಿತ ಮೇಲೆ ನಿಧಾನ.

ಹಳದಿ ಕಂಡ ಕೂಡಲೇ ಯೂರಿಯಾ ಎರಚುವುದು ದೊಡ್ಡ ತಪ್ಪು. ಹೀರಲು ಬೇರೇ ಇಲ್ಲ, ಉಳಿದದ್ದೂ ಸುಡುತ್ತದೆ. ಬೋಳಾದಲ್ಲಿ ಸತ್ತ ಹುಲ್ಲು ಬಾಚಿ, ಜರಡಿ ಹಿಡಿದ ಮಣ್ಣು-ಗೊಬ್ಬರ ಅರ್ಧ ಇಂಚು ಹರಡಿ, ನಾಲ್ಕು ಇಂಚಿಗೊಂದು ಬಳ್ಳಿತುಂಡು ನೆಡಿ. ಮುಂದಿನ ವರ್ಷ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಹೊತ್ತಿಗೆ ಏಳುವ ದುಂಬಿಗಳನ್ನು ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಒಂದು ಹೆಣ್ಣು ಹೋದರೆ ಅದರ ಮೊಟ್ಟೆಗಳೆಲ್ಲ ಹೋದಂತೆ.

ಪ್ರಶ್ನೆ: ಎರಡೇ ರಾತ್ರಿಯಲ್ಲಿ ಮೆಕ್ಸಿಕನ್ ಹುಲ್ಲಿನ ತುದಿ ಸವರಿದಂತಾಗಿದೆ. ಹಗಲಲ್ಲಿ ಹುಳ ಕಾಣುವುದಿಲ್ಲ. – ಓದುಗರು, ಕದ್ರಿ, ಮಂಗಳೂರು

ಉತ್ತರ: ಗದ್ದೆಯ ಸೈನಿಕ ಹುಳ ಇರಬಹುದು, ಅದು ರಾತ್ರಿ ಮೇಯುತ್ತದೆ. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಕಲಸಿ ಒಂದು ಚದರ ಗಜ ಜಾಗಕ್ಕೆ ಹೊಯ್ಯಿರಿ. ಹುಳ ಇದ್ದರೆ ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆ. ಬಿಟಿ ಪುಡಿ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಲೀಟರಿಗೆ 2 ಗ್ರಾಂ ಕಲಸಿ, ಮಳೆಯಿಲ್ಲದ ಸಂಜೆ ಸಿಂಪಡಿಸಿ; ವಾರ ಬಿಟ್ಟು ಮತ್ತೊಮ್ಮೆ. ಎಲೆ ತಿಂದರಷ್ಟೇ ಇದು ಹುಳದ ಹೊಟ್ಟೆಗೆ ಹೋಗುವುದರಿಂದ ಸಿಂಪಡಿಸಿದ ಮರುದಿನ ಹುಲ್ಲು ಕೊಯ್ಯಬೇಡಿ. ಅಂಗಳದ ದೀಪ ರಾತ್ರಿಯಿಡೀ ಉರಿದರೆ ಈ ಹುಳದ ತಾಯಿ ಪತಂಗಗಳು ಅಲ್ಲೇ ಸುತ್ತ ಮೊಟ್ಟೆಯಿಡುತ್ತವೆ, ಕೆಲವು ದಿನ ಆರಿಸಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಹುಲ್ಲಿನ ಮೇಲೆ ಸಣ್ಣ ಮಣ್ಣಗುಪ್ಪೆಗಳು. ಯಾವ ಮದ್ದು? – ಓದುಗರು, ಕಾಪು

ಉತ್ತರ: ಎರೆಹುಳದ ಹಿಕ್ಕೆ. ಮದ್ದು ಬೇಡ, ಒಣಗಿದಾಗ ಕಡ್ಡಿಹಿಡಿಯಿಂದ ಗುಡಿಸಿ ಹರಡಿ.