ಬಯಲುಸೀಮೆಯ ಬಿಸಿಲಿನಲ್ಲಿ ಪುಟ್ಟ ನೆಲದೇಡಿ ಸಾಕುವುದು ಹೇಗೆ?

ಗಾಜಿನ ತೊಟ್ಟಿಯಲ್ಲಿ ನೆಲದೇಡಿ ಸಾಕುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿವು. ಕೇಳಿದ್ದು ಬೇರೆ ಬೇರೆಯಾದರೂ ಹೆಚ್ಚಿನವುಗಳ ಬೇರು ಒಂದೇ. ಏಡಿ ನೆಲದ ಮೇಲೆ ಓಡಾಡಿದರೂ ಉಸಿರಾಡುವುದು ಕಿವಿರಿನಿಂದಲೇ. ಆ ಕಿವಿರು ಒದ್ದೆಯಾಗಿದ್ದರೆ ಮಾತ್ರ ಗಾಳಿಯ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಒಣಗಿದರೆ ಏಡಿಗೆ ಗಾಳಿಯ ನಡುವೆಯೇ ಉಸಿರು ಕಟ್ಟುತ್ತದೆ. ಅಂಗಡಿಗಳಲ್ಲಿ ಸಿಗುವ ವ್ಯಾಂಪೈರ್ ಏಡಿಗಳ ತವರಾದ ಜಾವಾ ದ್ವೀಪದ ಮಳೆಕಾಡಿನಲ್ಲಿ ಈ ಚಿಂತೆಯಿಲ್ಲ. ಫೆಬ್ರುವರಿಯಿಂದ ಮೇವರೆಗಿನ ನಮ್ಮ ಒಣಗಾಳಿಯಲ್ಲಿ ಇದೇ ಮೊದಲ ಚಿಂತೆ.

ಪ್ರಶ್ನೆ: ನಾಲ್ಕು ವ್ಯಾಂಪೈರ್ ಏಡಿ ತರಬೇಕೆಂದಿದ್ದೇನೆ. ಮೀನು ಸಾಕುತ್ತಿದ್ದ ಎರಡಡಿಯ ತೊಟ್ಟಿ ಖಾಲಿ ಇದೆ. ಸಾಕಾಗುತ್ತದೆಯೇ? ಒಳಗೆ ಏನೇನು ಹಾಕಬೇಕು? (ವಿದ್ಯಾನಗರ, ದಾವಣಗೆರೆ)

ಸಾಕಾಗುತ್ತದೆ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಒಂದು ಗಂಡು, ಮೂರು ಹೆಣ್ಣಿಗೆ ಸರಿಹೊಂದುತ್ತದೆ. ಎರಡು ಗಂಡು ಬೇಡ. ಇಷ್ಟು ಜಾಗದಲ್ಲಿ ಕಾದಾಡುತ್ತವೆ. ಏಡಿಯನ್ನು ಮೆಲ್ಲಗೆ ಮಗುಚಿ ನೋಡಿ: ಹೊಟ್ಟೆಯ ಕೆಳಗಿನ ಮಡಿಕೆ ಕಿರಿದಾಗಿ, ಚೂಪಾಗಿದ್ದರೆ ಗಂಡು, ಅಗಲವಾಗಿ, ದುಂಡಾಗಿದ್ದರೆ ಹೆಣ್ಣು.

ವ್ಯಾಂಪೈರ್ ಏಡಿ ಎಂದು ಮಾರುವುದು ಗೆಯೊಸೆಸಾರ್ಮಾ ಕುಲದವು. ನೇರಳೆ ಬಣ್ಣದ ಗೆಯೊಸೆಸಾರ್ಮಾ ಡೆನ್ನರ್ಲೆ, ಕಿತ್ತಳೆ ಬಣ್ಣದ ಗೆಯೊಸೆಸಾರ್ಮಾ ಹಾಗೆನ್ ಹೆಚ್ಚು ಜನಪ್ರಿಯ. ಎರಡೂ ಜಾವಾದವು. ವರ್ಷಗಟ್ಟಲೆ ಮಾರಾಟವಾಗುತ್ತಿದ್ದರೂ ಇವುಗಳಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2015ರಲ್ಲಿ. ಬೆನ್ನಿನ ಚಿಪ್ಪು ಎರಡು ಸೆಂ.ಮೀ. ಆಸುಪಾಸು. ಕಾಡಿನಿಂದ ಹಿಡಿದು ತಂದವನ್ನಲ್ಲ, ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಕೊಳ್ಳಿ. ಹಿಡಿದು ತಂದವು ದಾರಿಯಲ್ಲೇ ಅರ್ಧ ಬಳಲಿರುತ್ತವೆ, ಅವುಗಳ ಕಾಡೂ ಬರಿದಾಗುತ್ತದೆ. ಹೊರದೇಶದಿಂದ ನೇರವಾಗಿ ತರಿಸಲು ಸರ್ಕಾರದ ಅನುಮತಿ ಬೇಕು. ಬಿಲ್ಲು, ಮೂಲದ ಮಾಹಿತಿ ಕೊಡದ ಮಾರಾಟಗಾರರ ಹತ್ತಿರ ಹೋಗದಿರುವುದೇ ಒಳ್ಳೆಯದು.

ಈಗ ತೊಟ್ಟಿಯ ಕೆಲಸ. ಹಳೆಯ ಮರಳು, ಕಲ್ಲುಗಳನ್ನು ಬಿಸಾಡಿ. ಮೀನಿಗೆ ಎಂದಾದರೂ ತಾಮ್ರ ಬೆರೆತ ಔಷಧ ಹಾಕಿದ್ದರೆ ಅದರ ಅಂಶ ಅಲ್ಲಿ ಉಳಿದಿರಬಹುದು, ಏಡಿಗೆ ತಾಮ್ರ ವಿಷ. ಒಂದು ಬದಿಯಿಂದ 20 ಸೆಂ.ಮೀ. ಬಿಟ್ಟು, 30 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರದ ಗಾಜಿನ ಪಟ್ಟಿಯನ್ನು ಸಿಲಿಕೋನ್‌ನಿಂದ ಅಂಟಿಸಿ. ಬೂಸ್ಟುನಿರೋಧಕ ಬೆರೆತ ಬಚ್ಚಲುಮನೆಯ ಸಿಲಿಕೋನ್ ಬೇಡ, ಅಕ್ವೇರಿಯಂಗೆ ಮೀಸಲಾದದ್ದೇ ಇರಲಿ. ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಸುಮಾರು ಒಂದು ವಾರ, ಹಾಗೇ ಬಿಡಿ.

ಕಿರಿದಾದ ಬದಿ ನೀರಿಗೆ, ಅಗಲವಾದ ಬದಿ ನೆಲಕ್ಕೆ. ನೆಲದ ಕಡೆ ಮೊದಲು ಸುಟ್ಟ ಜೇಡಿಮಣ್ಣಿನ ಗುಂಡುಗಳನ್ನು ಮೂರು ಸೆಂ.ಮೀ. ಹರವಿ, ಮೇಲೆ ಸೊಳ್ಳೆ ಪರದೆಯ ನೈಲಾನ್ ಬಲೆ ಹಾಸಿ. ಹೆಚ್ಚಾದ ನೀರು ಇಳಿದು ನಿಲ್ಲಲು ಈ ಪದರ. ಇಲ್ಲದಿದ್ದರೆ ಮಣ್ಣಿನ ತಳ ಕೊಳೆತು ನಾರುತ್ತದೆ. ಬಲೆಯ ಮೇಲೆ ಹತ್ತು ಸೆಂ.ಮೀ. ಮಣ್ಣು ಬೇಕು, ಅಂದರೆ ಹನ್ನೆರಡು ಲೀಟರ್: ತೆಂಗಿನ ನಾರಿನ ಪುಡಿ ಆರು ಲೀಟರ್, ತೊಳೆದ ಹೊಳೆ ಮರಳು ಮೂರು, ಗೊಬ್ಬರ, ಔಷಧ ಸೋಕದ ಎಲೆಮಣ್ಣು ಮೂರು. 650 ಗ್ರಾಂನ ನಾರಿನ ಇಟ್ಟಿಗೆ ನೆನೆದರೆ ಎಂಟು ಲೀಟರಿಗೂ ಮೀರಿ ಉಬ್ಬುತ್ತದೆ, ಒಂದೇ ಸಾಕು. ನಾರಿನಲ್ಲಿ ಉಪ್ಪಿನಂಶ ಇರುವುದರಿಂದ ಮೂರ್ನಾಲ್ಕು ಸಲ ನೀರು ಬದಲಿಸಿ ಹಿಂಡಿ. ಬೆರೆಸಿದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಿದ್ದರೆ ಹದ ಸರಿ. ಧಾರೆ ಬಂದರೆ ಹೆಚ್ಚು ಒದ್ದೆ. ಮುಷ್ಟಿ ಬಿಟ್ಟೊಡನೆ ಉದುರಿದರೆ ಏಡಿ ಕೊರೆದ ಬಿಲ ನಿಲ್ಲುವುದಿಲ್ಲ.

ನೀರಿನ ಕಡೆ ಐದು ಸೆಂ.ಮೀ. ಆಳ ಸಾಕು, ಸುಮಾರು ಮೂರು ಲೀಟರ್ ಆಗುತ್ತದೆ. ಗಾಜು ಜಾರುತ್ತದೆ. ಆದ್ದರಿಂದ ನೀರಿನ ತಳದಿಂದ ಗಾಜಿನ ಪಟ್ಟಿಯ ಅಂಚಿನವರೆಗೆ ಒರಟು ಕಲ್ಲುಗಳನ್ನು ಮೆಟ್ಟಿಲಂತೆ ಜೋಡಿಸಿ. ಹತ್ತಿ ಬರಲಾಗದ ಏಡಿ ಮುಳುಗಿ ಸಾಯುತ್ತದೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ.

ಮಣ್ಣಿನ ಮೇಲೆ ಒಣ ಎಲೆಗಳ ದಪ್ಪ ಹಾಸು ಬೇಕು. ಕಾಡುಬಾದಾಮಿ, ಹಲಸು, ಸೀಬೆ ಎಲೆಗಳು ಆಹಾರವೂ ಹೌದು, ಅಡಗುತಾಣವೂ ಹೌದು. ಬೇವಿನ ಎಲೆ ಮಾತ್ರ ಬೇಡವೇ ಬೇಡ. ಬೇವಿನ ಅಜಾಡಿರಾಕ್ಟಿನ್ ಕೀಟಗಳ ಪೊರೆ ಕಳಚುವ ಹಾರ್ಮೋನನ್ನು ಕೆಡಿಸುತ್ತದೆ, ಏಡಿಗೂ ಅದೇ ಬಗೆಯ ಹಾರ್ಮೋನು ಇದೆ. ತೊಟ್ಟಿ ಸಿದ್ಧವಾದ ಮೇಲೆ ಎರಡು-ಮೂರು ವಾರ ಖಾಲಿ ಬಿಟ್ಟು, ತೇವ ನಿಲ್ಲುತ್ತದೆಯೇ ಎಂದು ನೋಡಿ ಆಮೇಲೆ ಏಡಿ ತನ್ನಿ. ಬೆಂಗಳೂರಿನಿಂದ ತರುವುದಾದರೆ ರಾತ್ರಿ ಪ್ರಯಾಣ ಒಳ್ಳೆಯದು. ಒಂದೊಂದು ಏಡಿಗೂ ಒದ್ದೆ ಹತ್ತಿಬಟ್ಟೆ ಹಾಸಿದ, ತೂತು ಮಾಡಿದ ಬೇರೆ ಬೇರೆ ಡಬ್ಬಿ ಇರಲಿ.

ಮುಚ್ಚಳ ಭದ್ರವಾಗಿರಬೇಕು. ವೈರು ಹೋಗುವ ಸಂದನ್ನು ಸ್ಪಂಜಿನಿಂದ ತುಂಬಿ. ಮೂಲೆಯ ಸಿಲಿಕೋನ್ ಗೆರೆ ಹಿಡಿದೇ ಇವು ಮೇಲೇರುತ್ತವೆ. ಹೊರಬಿದ್ದ ಏಡಿ ನಮ್ಮ ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಮಂಚದ ಕೆಳಗೆ ಒಣಗಿರುತ್ತದೆ.

ಪ್ರಶ್ನೆ: ನಮ್ಮದು ಮೇಲಂತಸ್ತಿನ ಆರ್‌ಸಿಸಿ ಮನೆ. ಮಾರ್ಚ್ ಬಂದರೆ ತೊಟ್ಟಿಯ ತೇವಮಾಪಕ ಮಧ್ಯಾಹ್ನ ಶೇ 50 ತೋರಿಸುತ್ತದೆ. ದಿನಕ್ಕೆ ಐದು ಸಲ ನೀರು ಚಿಮುಕಿಸಿದರೂ ನಿಲ್ಲುತ್ತಿಲ್ಲ. (ಚಿತ್ರದುರ್ಗ)

ಮೊದಲು ಮಾಪಕವನ್ನೇ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟು ಹನಿ ನೀರು ಹಾಕಿ. ಅದನ್ನೂ ಮಾಪಕವನ್ನೂ ಜಿಪ್ ಚೀಲದಲ್ಲಿಟ್ಟು ಒಂದು ದಿನ ಮುಚ್ಚಿಡಿ. ಒಳಗಿನ ತೇವ ಶೇ 75ಕ್ಕೆ ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ನಿಮ್ಮ ಯಂತ್ರ ಏಳು ಕಡಿಮೆ ಓದುತ್ತಿದೆ ಎಂದರ್ಥ. ಅಗ್ಗದ ಮಾಪಕಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ತೊಟ್ಟಿಯಲ್ಲಿ ಅದನ್ನು ಮುಚ್ಚಳದ ಬಳಿಯಲ್ಲ, ಏಡಿ ಓಡಾಡುವ ಎತ್ತರದಲ್ಲಿ ಇಡಿ.

ಮಾಪಕ ಸರಿಯಿದ್ದರೆ ನಿಮ್ಮ ತೊಂದರೆಯ ಮೂಲ ನೀರಿನ ಕೊರತೆಯಲ್ಲ, ಬಿಸಿ. 24 ಡಿಗ್ರಿಯಲ್ಲಿ ಶೇ 80 ತೇವವಿರುವ ಗಾಳಿಯನ್ನು ಹಾಗೇ 32 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿನ ಆವಿ ಒಂದು ಹನಿಯೂ ಕಡಿಮೆಯಾಗದೆ, ತೇವ ಶೇ 50ಕ್ಕೆ ಇಳಿಯುತ್ತದೆ. ಚಿಮುಕಿಸಿದ ನೀರು ಅರ್ಧ ಗಂಟೆ ಅಂಕಿ ಏರಿಸಿ ಜಾಲರಿಯಿಂದ ಹಾರಿಹೋಗುತ್ತದೆ. ಮೇಲ್ಮಣ್ಣು ರಾಡಿಯಾಗುವುದಷ್ಟೇ ಲಾಭ. ಏಡಿಗೆ ಬೇಕಾದದ್ದು ಶೇ 75ರಿಂದ 85 ತೇವ, 24ರಿಂದ 28 ಡಿಗ್ರಿ ಬಿಸಿ. 30 ದಾಟಿದರೆ ಕಾಳಜಿ ಮಾಡಬೇಕು, 32ರ ಮೇಲೆ ಅಪಾಯ.

ತೊಟ್ಟಿಯನ್ನು ತಾರಸಿಯ ಬಿಸಿ ಇಳಿಯದ ಒಳಕೋಣೆಗೆ, ಸಾಧ್ಯವಾದರೆ ನೆಲಮಹಡಿಗೆ, ಸಾಗಿಸಿ. ನೇರ ಬಿಸಿಲು ಬೇಡ. ಜಾಲರಿ ಮುಚ್ಚಳದ ಮುಕ್ಕಾಲು ಭಾಗವನ್ನು ಗಾಜಿನಿಂದ ಮುಚ್ಚಿ, ಉಳಿದದ್ದನ್ನು ಗಾಳಿಗೆ ಬಿಡಿ. ಪೂರ್ತಿ ಮುಚ್ಚಿದರೆ ಎರಡೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ನೀರು ಚಿಮುಕಿಸುವ ಬದಲು ಮೂಲೆಯಲ್ಲಿ ಒಂದು ಕೊಳವೆ ನೆಟ್ಟು, ವಾರಕ್ಕೊಮ್ಮೆ ಅದರ ಮೂಲಕ ತಳದ ಗುಂಡುಗಳ ಪದರಕ್ಕೇ ನೀರು ಬಿಡಿ. ಆಳದ ಮಣ್ಣು ಕೆಳಗಿನಿಂದ ನೀರು ಹೀರುತ್ತದೆ, ಇಡೀ ದಿನ ನಿಧಾನವಾಗಿ ತೇವ ಬಿಡುತ್ತದೆ.

ಇನ್ನು ತಂಪಿಗೆ. ನಮ್ಮ ಒಣಗಾಳಿಯನ್ನೇ ಕೆಲಸಕ್ಕೆ ಹಚ್ಚಬಹುದು. ತೊಟ್ಟಿಯ ಮೂರು ಬದಿಗೆ ಒದ್ದೆ ಗೋಣಿಚೀಲ ಸುತ್ತಿ, ಚೀಲದ ತುದಿಯನ್ನು ನೀರಿನ ತಟ್ಟೆಯಲ್ಲಿ ಅದ್ದಿಟ್ಟು, ಪುಟ್ಟ ಫ್ಯಾನಿನ ಗಾಳಿ ಗೋಣಿಯ ಮೇಲೆ ಬೀಸುವಂತೆ ಮಾಡಿ. ನೀರು ಆವಿಯಾದಂತೆ ಗಾಜು ತಣ್ಣಗಾಗುತ್ತದೆ. ಗಾಳಿ ಮುಚ್ಚಳದ ಕಿಂಡಿಗೆ ನುಗ್ಗಬಾರದು, ನುಗ್ಗಿದರೆ ಒಳಗಿನ ತೇವವೂ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಫ್ರೀಜರಿನ ಅರ್ಧ ಲೀಟರ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗಾಜಿನ ಮುಚ್ಚಳದ ಮೇಲಿಡಿ. ಮಂಜುಗಡ್ಡೆಯನ್ನು ನೀರಿಗೆ ಹಾಕಬೇಡಿ. ಹಠಾತ್ ಚಳಿ ಬಿಸಿಯಷ್ಟೇ ಕೆಟ್ಟದ್ದು.

ಪ್ರಶ್ನೆ: ಬೋರ್‌ವೆಲ್ ನೀರು ಹಾಕಬಹುದೇ? ನಮ್ಮಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 1200. ಅಜ್ಜಿ ತಾಮ್ರದ ಹಂಡೆಯ ನೀರು ಒಳ್ಳೆಯದು ಎನ್ನುತ್ತಾರೆ. (ಜಗಳೂರು)

ಹಂಡೆಯ ನೀರು ಖಂಡಿತ ಬೇಡ. ಮನುಷ್ಯರಿಗೆ ತೊಂದರೆ ಕೊಡದಷ್ಟು ತಾಮ್ರವೂ ಏಡಿಯ ಕಿವಿರನ್ನು ಹಾಳುಮಾಡಬಲ್ಲದು. ಏಡಿಯ ನೀರಿಗೆ ಪ್ಲಾಸ್ಟಿಕ್ ಬಕೆಟ್ ಮೀಸಲಿಡಿ.

ಬೋರ್‌ವೆಲ್ ನೀರಿನ ಗಡಸುತನದಿಂದ ಕ್ಯಾಲ್ಸಿಯಂ ಸಿಗುತ್ತದೆ, ಆದರೆ 1200 ಅತಿಯಾಯಿತು. ಈ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಒಂದು ಪಾಲು ಬೋರ್ ನೀರಿಗೆ ಐದು ಪಾಲು ಆರ್‌ಒ ನೀರು ಸೇರಿಸಿ. ಆರ್‌ಒ ನೀರಿನ ಟಿಡಿಎಸ್ 50 ಇದ್ದರೆ ಮಿಶ್ರಣ 240ರ ಹತ್ತಿರ ಬರುತ್ತದೆ, ಅದು ಸರಿ. ಬರಿ ಆರ್‌ಒ ನೀರಲ್ಲಿ ಖನಿಜವಿಲ್ಲ. ಗಾಜಿಗೆ ಚಿಮುಕಿಸಲು ಮಾತ್ರ ಅದು ಒಳ್ಳೆಯದು, ಬಿಳಿ ಕಲೆ ಕೂರುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಡಿ. ಫಿಲ್ಟರ್ ಇಲ್ಲದ ಮೂರು ಲೀಟರ್ ನೀರನ್ನು ವಾರಕ್ಕೆ ಎರಡು ಸಲ ಬದಲಿಸಬೇಕು.

ಪ್ರಶ್ನೆ: ಮಂಡಕ್ಕಿ, ಅನ್ನ ಹಾಕುತ್ತಿದ್ದೇವೆ, ತಿನ್ನುತ್ತವೆ. ಆದರೂ ಒಂದು ಏಡಿ ಇನ್ನೊಂದರ ಕಾಲು ಮುರಿದು ತಿಂದಿದೆ. (ದಾವಣಗೆರೆ)

ಹಸಿವಿನ ಲಕ್ಷಣವಿದು, ಪ್ರೋಟೀನಿನ ಹಸಿವು. ಮಂಡಕ್ಕಿಯಲ್ಲಿ ಪಿಷ್ಟ ಮತ್ತು ಉಪ್ಪು ಬಿಟ್ಟರೆ ಹೆಚ್ಚೇನಿಲ್ಲ, ಒದ್ದೆ ಮಣ್ಣಿನಲ್ಲಿ ಒಂದೇ ರಾತ್ರಿಗೆ ಬೂಸ್ಟು ಹಿಡಿಯುತ್ತದೆ. ಎರಡನ್ನೂ ನಿಲ್ಲಿಸಿ. ಎಲೆಹಾಸು ಸದಾ ಇರಲಿ. ವಾರದಲ್ಲಿ ಮೂರು ದಿನ ಸೀಗಡಿಗೆಂದು ಮಾರುವ ಮುಳುಗುವ ಗುಳಿಗೆ, ಸಣ್ಣ ಎರೆಹುಳು ಅಥವಾ ಒಣ ಸೀಗಡಿ ಕೊಡಿ. ಸಂತೆಯ ಒಣ ಸೀಗಡಿಯಲ್ಲಿ ಉಪ್ಪಿರುತ್ತದೆ, ಎರಡು ನೀರಿನಲ್ಲಿ ನೆನೆಸಿ ಹಿಂಡಿ. ಉಳಿದ ದಿನ ಬೇಯಿಸಿದ ಕುಂಬಳ, ಕ್ಯಾರೆಟ್, ಹೀರೇಕಾಯಿ. ನಾಲ್ಕು ಏಡಿಗೆ ದಿನಕ್ಕೆ ಒಟ್ಟು ಒಂದು ಬಟಾಣಿ ಗಾತ್ರ ಸಾಕು. ಮಿಕ್ಕದ್ದನ್ನು ಮರುದಿನ ತೆಗೆಯಿರಿ. ಕ್ಯಾಲ್ಸಿಯಂಗೆ ಗ್ರಂಧಿಗೆ ಅಂಗಡಿಯ ಸಮುದ್ರ ನೊರೆಯ (ಕಟಲ್‌ಮೀನಿನ ಒಳಚಿಪ್ಪು) ಒಂದು ತುಂಡನ್ನು ಮೂಲೆಯಲ್ಲಿಡಿ. ಕಳೆದುಹೋದ ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ.

ಪ್ರಶ್ನೆ: ಬೆಳಿಗ್ಗೆ ಏಡಿ ಅಂಗಾತ ಬಿದ್ದಿತ್ತು, ಸತ್ತಿದೆ ಎಂದು ಎಸೆದೆವು. ಸಂಜೆ ಎಣಿಸಿದರೆ ನಾಲ್ಕೂ ಇವೆ! (ಹೊಳಲ್ಕೆರೆ)

ನೀವು ಎಸೆದದ್ದು ಪೊರೆ. ಏಡಿ ಹಿಂಬದಿಯ ಸೀಳಿನಿಂದ ಹೊರಬರುವಾಗ ಕಾಲು, ಕೊಂಡಿ, ಕಣ್ಣಿನ ಹೊದಿಕೆಯನ್ನೂ ಸೇರಿಸಿ ಇಡೀ ಚಿಪ್ಪನ್ನು ಬಿಟ್ಟು ಬರುತ್ತದೆ. ಎತ್ತಿ ನೋಡಿ: ಹಗುರವಾಗಿ, ಟೊಳ್ಳಾಗಿ, ವಾಸನೆಯಿಲ್ಲದೆ ಇದ್ದರೆ ಪೊರೆ. ಸತ್ತ ಏಡಿ ಒಂದೇ ದಿನದಲ್ಲಿ ನಾರುತ್ತದೆ. ಇನ್ನು ಮುಂದೆ ಪೊರೆಯನ್ನು ತೆಗೆಯಬೇಡಿ, ಅದರಲ್ಲಿನ ಕ್ಯಾಲ್ಸಿಯಂಗಾಗಿ ಏಡಿಯೇ ತಿನ್ನುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ಕೆಲವು ದಿನ ಅದು ಅಡಗಿರುತ್ತದೆ, ಹುಡುಕಿ ಕೆದಕಬೇಡಿ. ಏಡಿಯೊಂದಕ್ಕೆ ಎರಡು ಮರೆಗಳಾದರೂ ಇದ್ದರೆ ಮಿಕ್ಕವು ಮೆತ್ತಗಿನದನ್ನು ಕಚ್ಚುವುದು ತಪ್ಪುತ್ತದೆ. ಪೊರೆಯಲ್ಲೇ ಸಿಕ್ಕಿ ಸತ್ತರೆ ಮೊದಲು ತೇವ ಕಡಿಮೆಯಾಗಿತ್ತೇ ಎಂದು ನೋಡಿ.

ಪ್ರಶ್ನೆ: ಮೂರೂ ಏಡಿ ಒಂದೇ ರಾತ್ರಿ ಸತ್ತವು. ತೇವ, ಬಿಸಿ ಎಲ್ಲ ಸರಿ ಇತ್ತು. ಸೊಳ್ಳೆ ಕಾಟಕ್ಕೆ ಅದೇ ಕೋಣೆಯಲ್ಲಿ ದ್ರವದ ಯಂತ್ರ ಹಚ್ಚಿದ್ದೆವು. (ಹರಿಹರ)

ನಿಮ್ಮ ನೋವು ಅರ್ಥವಾಗುತ್ತದೆ. ಎಲ್ಲವೂ ಒಟ್ಟಿಗೆ ಸತ್ತಾಗ ರೋಗಕ್ಕಿಂತ ವಿಷದ ಮೇಲೆ ಅನುಮಾನ ಹೆಚ್ಚು. ಸೊಳ್ಳೆ ಬತ್ತಿ, ದ್ರವ, ಸ್ಪ್ರೇಗಳಲ್ಲಿರುವ ಪೈರೆತ್ರಾಯ್ಡ್‌ಗಳು ಕೀಟಗಳ ನರಮಂಡಲವನ್ನು ಕೆಡಿಸುವಂತೆಯೇ ಏಡಿ, ಸೀಗಡಿಗಳದ್ದನ್ನೂ ಕೆಡಿಸುತ್ತವೆ. ಇರುವೆ ಚಾಕ್‌ಪೀಸ್, ಜಿರಳೆ ಸ್ಪ್ರೇಗೂ ಇದೇ ಮಾತು. ಏಡಿಯ ಕೋಣೆಯಲ್ಲಿ ಕಿಟಕಿಗೆ ಜಾಲರಿ, ಹಾಸಿಗೆಗೆ ಪರದೆ ಸಾಕು. ತೊಟ್ಟಿಯ ಮಣ್ಣು, ಎಲೆ ಪೂರ್ತಿ ಬಿಸಾಡಿ, ಗಾಜು ತೊಳೆದು ಹೊಸದಾಗಿ ಶುರುಮಾಡಿ.

ಪ್ರಶ್ನೆ: ಮಗಳಿಗೆ ಶಂಖದೊಳಗಿನ ಸನ್ಯಾಸಿ ಏಡಿ ಕೊಡಿಸಿದೆವು. ಶಂಖಕ್ಕೆ ಬಣ್ಣ ಬಳಿದಿದ್ದಾರೆ. ಬರಿ ಕುಡಿಯುವ ನೀರು ಸಾಕು ಎಂದರು ಅಂಗಡಿಯವರು. (ಹಿರಿಯೂರು)

ಸಾಲದು. ನೆಲದ ಸನ್ಯಾಸಿ ಏಡಿಗೆ ಎರಡು ಬಟ್ಟಲು ಬೇಕು, ಒಂದು ಸಿಹಿನೀರು, ಒಂದು ಉಪ್ಪುನೀರು. ಉಪ್ಪುನೀರಿಗೆ ಲೀಟರಿಗೆ 35 ಗ್ರಾಂ ಅಕ್ವೇರಿಯಂನ ಸಮುದ್ರ ಉಪ್ಪು. ಅಡುಗೆ ಉಪ್ಪಿನಲ್ಲಿ ಸಮುದ್ರದ ಮೆಗ್ನೀಷಿಯಂ, ಕ್ಯಾಲ್ಸಿಯಂ ಇರುವುದಿಲ್ಲ. ಐದು ಪಾಲು ಮರಳು, ಒಂದು ಪಾಲು ನಾರಿನ ಪುಡಿಯ ಒದ್ದೆ ಮಿಶ್ರಣ ಕನಿಷ್ಠ 15 ಸೆಂ.ಮೀ. ಆಳ ಇರಬೇಕು, ಏಕೆಂದರೆ ಇದು ಪೊರೆ ಕಳಚುವುದು ನೆಲದಡಿಯಲ್ಲಿ, ಒಂದು-ಎರಡು ತಿಂಗಳು ಹೂತು ಕೂತು. ಆಗ ಅಗೆದರೆ ಸಾಯುತ್ತದೆ. ಬಣ್ಣವಿಲ್ಲದ, ಸ್ವಲ್ಪ ದೊಡ್ಡ ಬಾಯಿಯ ಮೂರ್ನಾಲ್ಕು ಶಂಖಗಳನ್ನು ಪಕ್ಕದಲ್ಲಿಡಿ, ತಾನೇ ಬದಲಾಯಿಸಿಕೊಳ್ಳುತ್ತದೆ. ಬಣ್ಣದ ಶಂಖದಿಂದ ಎಳೆದು ತೆಗೆಯಲು ಹೋಗಬೇಡಿ, ಏಡಿ ಹರಿದುಹೋದರೂ ಬಿಡುವುದಿಲ್ಲ. ಇದರ ಮರಿಗಳು ಸಮುದ್ರದಲ್ಲೇ ಬೆಳೆಯಬೇಕು, ಹಾಗಾಗಿ ಅಂಗಡಿಯಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಕಡಲತೀರದಿಂದ ಹಿಡಿದವು. ಇರುವುದನ್ನು ಚೆನ್ನಾಗಿ ನೋಡಿಕೊಳ್ಳಿ, ಇನ್ನೊಂದು ಕೊಳ್ಳಬೇಡಿ. ಸರಿಯಾಗಿ ಸಾಕಿದರೆ ಹತ್ತಾರು ವರ್ಷ ಬದುಕುವ ಪ್ರಾಣಿ ಇದು.

ಪ್ರಶ್ನೆ: ಗದ್ದೆ ಬದುವಿನ ಏಡಿಯನ್ನು ವ್ಯಾಂಪೈರ್ ಏಡಿಯ ಜೊತೆ ಬಿಡಬಹುದೇ? ಮರಿಗಳು ಹೆಚ್ಚಾದರೆ ಭದ್ರಾ ನಾಲೆಗೆ ಬಿಡೋಣವೇ? (ಮಲೇಬೆನ್ನೂರು)

ಎರಡೂ ಬೇಡ. ಗದ್ದೆ ಏಡಿ ಇವುಗಳಿಗಿಂತ ಬಹಳ ದೊಡ್ಡದು, ಮೊದಲ ರಾತ್ರಿಯೇ ತಿಂದು ಮುಗಿಸುತ್ತದೆ. ಮೈಯಲ್ಲಿ ಗದ್ದೆಯ ಕೀಟನಾಶಕವನ್ನೂ ಹೊತ್ತು ತರಬಹುದು. ಅದು ಬದುವಿನಲ್ಲೇ ಇರಲಿ.

ವ್ಯಾಂಪೈರ್ ಏಡಿ ಸಿಹಿನೀರಿನಲ್ಲೇ ಸಂತಾನ ಮುಗಿಸುವ ಜೀವಿ. ಹೆಣ್ಣು ದೊಡ್ಡ ಮೊಟ್ಟೆಗಳನ್ನು ಹೊಟ್ಟೆಯಡಿ ತಿಂಗಳಿಗೂ ಹೆಚ್ಚು ಹೊತ್ತು, ಪೂರ್ತಿ ರೂಪ ತಳೆದ ಪುಟ್ಟ ಏಡಿಗಳನ್ನೇ ಬಿಡುತ್ತದೆ. ಸಮುದ್ರ ಬೇಕಿಲ್ಲ ಎಂಬ ಕಾರಣಕ್ಕೇ ನಾಲೆಗೆ ಬಿಡುವುದು ಅಪಾಯ: ಒದ್ದೆ ದಂಡೆಯಲ್ಲಿ ನೆಲೆಯೂರಿದರೆ ಊರಿನ ಏಡಿಗಳಿಗೆ ಹೊಸ ಪೈಪೋಟಿ, ಹೊಸ ರೋಗ. ಮರಿ ಬೇಡವೆಂದರೆ ಗಂಡನ್ನು ಬೇರೆ ತೊಟ್ಟಿಗೆ ಹಾಕಿ. ಒಮ್ಮೆ ಕೂಡಿದ ಹೆಣ್ಣು ಆಮೇಲೂ ಮೊಟ್ಟೆಯಿಡಬಹುದು. ಬೇಕೆಂದರೆ ಮೊಟ್ಟೆ ಹೊತ್ತ ಹೆಣ್ಣನ್ನು ದಪ್ಪ ಎಲೆಹಾಸಿನ ಸಣ್ಣ ಡಬ್ಬಿಗೆ ಬದಲಿಸಿ, ಮರಿ ಬಿಟ್ಟ ಮರುದಿನವೇ ತಾಯಿಯನ್ನು ವಾಪಸು ತನ್ನಿ. ಮರಿಗಳಿಗೆ ಮೊದಲ ವಾರಗಳಲ್ಲಿ ಕೊಳೆತ ಎಲೆ, ಪುಡಿಮಾಡಿದ ಸೀಗಡಿ ಗುಳಿಗೆ ಸಾಕು. ಅವುಗಳ ನೀರಿನ ತಟ್ಟೆ ಅರ್ಧ ಸೆಂ.ಮೀ.ಗಿಂತ ಆಳ ಇರಬಾರದು.