ಪಾಸ್‌ಪೋರ್ಟ್, ವೀಸಾ ಇದ್ದರೂ ಮಗಳ ಜೊತೆ ಒಪ್ಪಿಗೆ ಪತ್ರ ಕಳಿಸಬೇಕಾ?

14 ವರ್ಷದ ಮಗಳು ಸೋದರತ್ತೆಯ ಜೊತೆ ವಿದೇಶಕ್ಕೆ ಹೊರಟಿದ್ದಾಳೆ, ಎಲ್ಲ ಕಾಗದ ಸರಿಯಿದೆ, ಇನ್ನು ಈ ಪತ್ರ ಯಾಕೆ ಅಂತ ಕೇಳಿದ್ದೀರಿ. ಒಬ್ಬರ ಸಹಿ ಸಾಕಾ ಅಂತಲೂ ಕೇಳಿದ್ದೀರಿ. ಕಳಿಸಿ. ಇಬ್ಬರೂ ಸಹಿ ಹಾಕಿ.

ಅಕ್ಕನ ಮಗನನ್ನು ಕರೆದುಕೊಂಡು ಹೋದಾಗ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಇಳಿದ ಮೇಲೆ ಇಮಿಗ್ರೇಷನ್ ಅಧಿಕಾರಿ ನನ್ನನ್ನು ಬಿಟ್ಟು ಹುಡುಗನನ್ನೇ ಕೇಳಿದರು: ಇವರು ನಿನಗೇನಾಗಬೇಕು? ಇಲ್ಲಿಗೆ ಬಂದಿದ್ದು ಅಮ್ಮನಿಗೆ ಗೊತ್ತಾ? ಅವನು ಹೆದರಿ ನನ್ನ ಮುಖ ನೋಡಿದ. ಅಷ್ಟೇ ಸಾಕಾಯಿತು. ಅಕ್ಕ ಫೋನ್ ಎತ್ತುವವರೆಗೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದೆವು. ಸಿಟ್ಟು ಬಂದಿತ್ತು, ನಿಜ. ಆದರೆ ಗಂಡ ಹೆಂಡಿರ ಜಗಳದಲ್ಲಿ ಒಬ್ಬರು ಮಗುವನ್ನು ಗಡಿ ದಾಟಿಸಿಬಿಡುವುದು ಸುಮ್ನೆ ಕಟ್ಟಿದ ಕತೆಯಲ್ಲ. ಅಂಥ ಮಕ್ಕಳನ್ನು ವಾಪಸ್ ಕಳಿಸಲೆಂದೇ 1980ರಲ್ಲಿ ಹೇಗ್ ಒಪ್ಪಂದ ಆಯಿತು.

ನಿಯಮ ಒಂದೊಂದು ಕಡೆ ಒಂದೊಂದು ಥರ. ಫ್ರಾನ್ಸಿನಲ್ಲಿ ವಾಸಿಸುವ ಮಕ್ಕಳು ಅಪ್ಪ ಅಮ್ಮ ಇಲ್ಲದೆ ದೇಶ ಬಿಡಲು 2017ರಿಂದ ಒಂದು ಫಾರಂ ಕಡ್ಡಾಯ, ಅದಕ್ಕೆ ಒಬ್ಬರ ಸಹಿ ಸಾಕು. ಬ್ರೆಜಿಲ್ ತನ್ನ ಮಕ್ಕಳಿಗೆ ಇಬ್ಬರ ಸಹಿಯನ್ನೂ ಕೇಳುತ್ತದೆ, ಅದೂ ದೃಢೀಕರಿಸಿದ್ದು. ಕೆನಡಾದಲ್ಲಿ ಪತ್ರ ಕಡ್ಡಾಯವಲ್ಲ, ಆದರೂ ಗಡಿಯಲ್ಲಿ ಕೇಳಬಹುದು, ಜೊತೆಗಿಟ್ಟುಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ. ಹಾಗಾಗಿ ಹೊರಡುವ ದೇಶ, ಇಳಿಯುವ ದೇಶ, ಮಧ್ಯೆ ವಿಮಾನ ಬದಲಿಸುವ ದೇಶ, ಮೂರರ ನಿಯಮವನ್ನೂ ನೋಡಿ. ಏರ್‌ಲೈನನ್ನೂ ಒಂದು ಮಾತು ಕೇಳಿ, ಅವರದೇ ಬೇರೆ ಫಾರಂ ಇರಬಹುದು.

ಪತ್ರ ಒಂದೇ ಪುಟ ಸಾಕು. ಮಗಳ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಅತ್ತೆಯ ವಿವರ, ಎಲ್ಲಿಗೆ, ಯಾವತ್ತಿನಿಂದ ಯಾವತ್ತಿನವರೆಗೆ, ಎಲ್ಲಿ ಉಳಿಯುತ್ತಾರೆ, ನಿಮ್ಮಿಬ್ಬರ ಫೋನ್ ನಂಬರ್. ಮಗಳಿಗೆ ಹುಷಾರು ತಪ್ಪಿದರೆ ಚಿಕಿತ್ಸೆ ಕೊಡಿಸಲು ಅತ್ತೆಗೆ ಒಪ್ಪಿಗೆ ಇದೆ ಅಂತ ಒಂದು ಸಾಲು ಸೇರಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನೋಟರಿ ಮುಂದೆಯೇ ಸಹಿ ಹಾಕಬೇಕು, ಮನೆಯಲ್ಲೇ ಹಾಕಿಕೊಂಡು ಹೋಗಬೇಡಿ. ಹೋಗುವ ದೇಶದ ಭಾಷೆ ಬೇರೆಯಾದರೆ ಅನುವಾದವೂ ಇರಲಿ. ಜೊತೆಗೆ ಜನನ ಪ್ರಮಾಣಪತ್ರದ ಪ್ರತಿ, ನಿಮ್ಮಿಬ್ಬರ ಪಾಸ್‌ಪೋರ್ಟ್ ಪ್ರತಿ. ಅತ್ತೆಯ ಸರ್‌ನೇಮ್ ಬೇರೆ ಇರುತ್ತದಲ್ವಾ, ಆಗ ಇವೇ ಕೈಹಿಡಿಯುತ್ತವೆ. ವಿಚ್ಛೇದನ ಆಗಿ ಮಗು ಒಬ್ಬರ ಸುಪರ್ದಿಯಲ್ಲಿದ್ದರೆ ಕೋರ್ಟ್ ಆದೇಶದ ಪ್ರತಿ ಇಡಬೇಕು.

ಇನ್ನೊಂದು, ಅವರು ಇಳಿಯುವ ಹೊತ್ತಿಗೆ ನಿಮ್ಮಲ್ಲೊಬ್ಬರು ಎಚ್ಚರವಾಗಿರಿ. ಅವತ್ತು ನಮ್ಮಕ್ಕ ಫೋನ್ ಸೈಲೆಂಟಲ್ಲಿಟ್ಟು ಮಲಗಿದ್ದಳು.